ಬಲಮಗ್ಗುಲ ತೂತು

"ಅಯ್ಯೋ, ಹಾಳಾಯ್ತು! ನನ್ನ ಕೆಲಸ ಪೂರ್ತಿ ಹಾಳಾಯ್ತು!"

ಶಾಲೆಯ ವರ್ಕ್‌ಶಾಪಿನ ಬೀರು ತೆರೆದು ದರ್ಜಿಯ ಮಗಳು ಕಿರುಚಿದಾಗ ನಾವಿನ್ನೂ ಬಾಗಿಲು ದಾಟಿರಲಿಲ್ಲ. ನಾವು ಎಂದರೆ ಉಪಕರಣ ಕಾರ್ಖಾನೆಯ ಡಿಸೈನ್ ಮೇಡಂ, ಜೊತೆಗೆ ತಪಾಸಣೆ ವಿಭಾಗದ ನಾನು. ಈ ಶಾಲೆಯಿಂದ ಒಬ್ಬರನ್ನು ತರಬೇತಿಗೆ ಆರಿಸಬೇಕಿತ್ತು. ಒಬ್ಬರನ್ನು ಮಾತ್ರ. ಕಣದಲ್ಲಿ ಉಳಿದಿದ್ದವರು ಇವಳು ಮತ್ತು ಲಾರಿ ಡ್ರೈವರನ ಮಗ. ಇಬ್ಬರೂ ಹಾವು ಮುಂಗುಸಿ. ಆಯ್ಕೆಯಾಗದಿದ್ದರೆ ಹುಡುಗಿಯ ಓದು ಇಲ್ಲಿಗೇ ನಿಲ್ಲುತ್ತಿತ್ತು. ಅಪ್ಪನ ಹೊಲಿಗೆ ಯಂತ್ರದ ಪಕ್ಕ ಅವಳಿಗೆಂದೇ ಇನ್ನೊಂದು ಯಂತ್ರ ಆಗಲೇ ಬಂದು ಕೂತಿತ್ತು.

ನಾವು ಕಳಿಸಿದ್ದ ನಕ್ಷೆ ನೋಡಿ ಇಬ್ಬರೂ ಒಂದೊಂದು ಉಕ್ಕಿನ ಗಟ್ಟಿಯನ್ನು ಅಳತೆಗೆ ತರಬೇಕಿತ್ತು. ಅವಳಿಗೆ ಬಾಕಿ ಇದ್ದದ್ದು ಎಡಮಗ್ಗುಲಲ್ಲಿ ಒಂದೇ ಒಂದು ತೂತು. ಅದನ್ನು ಬೆಳಿಗ್ಗೆ ಬಂದು ಕೊರೆಯೋಣವೆಂದು ಬಿಟ್ಟಿದ್ದಳು. ಯಾರೋ ಕೊರೆದೇ ಬಿಟ್ಟಿದ್ದರು—ಬಲಮಗ್ಗುಲಲ್ಲಿ!

"ಇವನೇ! ಹೊಟ್ಟೆಕಿಚ್ಚಿನ ಪಿಶಾಚಿ!" ಅವಳು ಪಕ್ಕದಲ್ಲೇ ನಿಂತಿದ್ದ ಹುಡುಗನ ಕಾಲರಿಗೆ ಕೈ ಹಾಕಿದಳು.

"ಕೈ ತೆಗಿ! ನಾಲಿಗೆ ಬಿಗಿ ಹಿಡಿದು ಮಾತಾಡು!"

"ನಿನ್ನೆ ಕೊನೆಗೆ ಹೋದವನು ಇವನೇ," ಎಂದರು ವರ್ಕ್‌ಶಾಪ್ ಮೇಷ್ಟ್ರು. "ಬೀರು ಕೀಲಿ ಎಲ್ಲಿಡ್ತೀನಿ ಅಂತಾನೂ ಇವನಿಗೆ ಗೊತ್ತು. ಇಂಥವನನ್ನ ಶಾಲೆಯಿಂದ ಒದ್ದು ಓಡಿಸ್ಬೇಕು."

"ಈಗಲೇ ಓಡಿಸ್ತೀನಿ," ಎಂದರು ನಮ್ಮ ಹಿಂದೆಯೇ ಬಂದ ಶಾಲೆಯ ಹೆಡ್‌ಮೇಡಂ. ಕೇಳುವುದಿಲ್ಲ, ವಿಚಾರಿಸುವುದಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಡಿಸೈನ್ ಮೇಡಂ ಗಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತೂತಿನ ಅಂಚಿನ ಮೇಲೆ ಬೆರಳು ಆಡಿಸಿದರು. ಆಮೇಲೆ ನನಗೆ ಕೊಟ್ಟರು. ಅಳೆದೆ. ತೂತಿನ ಅಗಲ ಸರಿ, ಕೊರೆದ ಎತ್ತರ ಸರಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಗ್ಗುಲು ಮಾತ್ರ ತಪ್ಪು.

"ಕೊರೆದವನು ನೀನೇನಪ್ಪಾ?" ಎಂದು ಮೇಡಂ ಹುಡುಗನನ್ನು ಕೇಳಿದರು.

"ಅಲ್ಲ ಮೇಡಂ. ಹಾಳು ಮಾಡೋದಾಗಿದ್ರೆ ಅಲ್ಲೇ ಸುತ್ತಿಗೆ ಇತ್ತಲ್ಲ?"

"ನೋಡಿ, ಕೊಬ್ಬು ನೋಡಿ!" ಮೇಷ್ಟ್ರು ಗುಡುಗಿದರು.

ಮೇಡಂ ಅವರತ್ತ ತಿರುಗಿದರು. "ಮಕ್ಕಳಿಬ್ಬರೂ ನಮ್ಮ ಕಾರ್ಖಾನೆಗೆ ನಕ್ಷೆ ಓದೋದನ್ನ ಕಲಿಯೋಕೆ ಬಂದಿದ್ರು. ಕರೆದಿದ್ರೂ ನೀವ್ಯಾಕೆ ಬರ್ಲಿಲ್ಲ?"

"ನಾನ್ಯಾಕೆ ಬರ್ಬೇಕು? ನಾನು ನಕ್ಷೆ ಓದೋಕೆ ಶುರು ಮಾಡಿದಾಗ ನೀವಿನ್ನೂ ತೊಟ್ಟಿಲಲ್ಲಿದ್ರಿ!"

"ಹೌದಾ? ಹಾಗಾದ್ರೆ ಇದನ್ನ ಓದಿ." ಮೇಡಂ ತಮ್ಮ ಚೀಲದಿಂದ ಬೇರೊಂದು ವಸ್ತುವಿನ ನಕ್ಷೆ ತೆಗೆದು ಹರಡಿದರು. ನಡುವೆ ಎದುರಿನ ನೋಟ. ಅದರ ಎಡಗಡೆ ಮಗ್ಗುಲ ನೋಟ, ಅದರಲ್ಲೊಂದು ತೂತು. "ಈ ತೂತು ಯಾವ ಮಗ್ಗುಲಿಗೆ ಬರುತ್ತೆ?"

"ಬಲಕ್ಕೆ. ಕುರುಡನೂ ಹೇಳ್ತಾನೆ."

"ಎಡಕ್ಕೆ!" ಹುಡುಗ ಹುಡುಗಿ ಒಟ್ಟಿಗೆ ಕೂಗಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅಂದು ಅದೇ ಮೊದಲು.

ಮೇಷ್ಟ್ರು ನಕ್ಷೆಯನ್ನು ಹತ್ತಿರ ಎಳೆದುಕೊಂಡರು.

"ಶಾಲೆಯಲ್ಲಿ ಕಲಿಸೋ ಪದ್ಧತಿಯಲ್ಲಿ ಬಲಮಗ್ಗುಲ ನೋಟವನ್ನ ಎದುರಿನ ನೋಟದ ಎಡಗಡೆ ಬರೀತಾರೆ," ಎಂದರು ಮೇಡಂ. "ನಮ್ಮ ಪದ್ಧತಿಯಲ್ಲಿ ಎಡಮಗ್ಗುಲು ಎಡಗಡೆಗೇ. ಯಾವ ಪದ್ಧತಿ ಅಂತ ಮೂಲೆಯಲ್ಲಿ ಗುರುತು ಇರುತ್ತೆ. ಮಕ್ಕಳು ನಮ್ಮಲ್ಲಿ ಅದನ್ನ ಕಲಿತು ಹೋದ್ರು. ನೀವು ಮೂಲೆ ನೋಡೋದೇ ಇಲ್ಲ. ಹಳೇ ಅಭ್ಯಾಸ."

"ಅಷ್ಟಕ್ಕೇ ನಾನೇ ಕೊರೆದೆ ಅಂತೀರಾ?"

"ಇದರ ಅಂಚು ಮುಟ್ಟಿ ನೋಡಿ. ಕೊರೆದಾಗ ಎದ್ದ ಚೂಪನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ್ದಾರೆ. ಹಾಳು ಮಾಡೋನು ಅಂಚು ಯಾಕೆ ಉಜ್ತಾನೆ ಸಾರ್? ಇದು ದ್ವೇಷದ ಕೆಲಸ ಅಲ್ಲ. ಸರಿಯಾಗೇ ಮಾಡ್ತಿದ್ದೀನಿ ಅಂದ್ಕೊಂಡವರ ಕೆಲಸ. ನಕ್ಷೆಯನ್ನ ಹೀಗೆ ತಪ್ಪು ಓದೋರು ಇಲ್ಲಿ ನೀವೊಬ್ಬರೇ."

ಮೇಷ್ಟ್ರು ಬೆಂಚಿನ ಅಂಚು ಹಿಡಿದುಕೊಂಡರು. "ಕೆಡಿಸ್ಬೇಕು ಅಂತ ಮಾಡ್ಲಿಲ್ಲ... ಹುಡುಗಿ ಕೈ. ಕೊನೇ ಗಳಿಗೆಯಲ್ಲಿ ಡ್ರಿಲ್ ಜಾರಿದ್ರೆ? ಹುಡುಗಿಯೊಬ್ಬಳು ಗೆದ್ದರೆ ಶಾಲೆಗೇ ಹೆಸರು ಅಂತ ನಾನೇ ಕೊರೆದಿಟ್ಟೆ..."

"ತಪ್ಪು ಗೊತ್ತಾದ ಮೇಲೂ ನನ್ನ ತಲೆಗೆ ಕಟ್ಟಿದ್ರಲ್ಲ ಸಾರ್!" ಹುಡುಗ ಮುಂದೆ ಬಂದ. ಮೇಷ್ಟ್ರು ಮುಖ ತಿರುಗಿಸಿದರು. ಥೂ, ಎಂಥ ಮನುಷ್ಯ! ಹೆಡ್‌ಮೇಡಂ ಗೋಡೆ ನೋಡುತ್ತ ನಿಂತಿದ್ದರು.

ದರ್ಜಿಯ ಮಗಳು ಹುಡುಗನತ್ತ ತಿರುಗಿದಳು. "ತಪ್ಪಾಯ್ತು."

"ಪರವಾಗಿಲ್ಲ ಅಂತ ನಾನು ಹೇಳಲ್ಲ," ಎಂದ ಅವನು, ಕಾಲರು ಸರಿಮಾಡಿಕೊಳ್ಳುತ್ತ.

ಮೇಡಂ ನನ್ನತ್ತ ನೋಡಿದರು. ನಾನು ಪೆಟ್ಟಿಗೆಯಿಂದ ಹೊಸ ಉಕ್ಕಿನ ಗಟ್ಟಿಯೊಂದನ್ನು ತೆಗೆದು ಬೆಂಚಿನ ಮೇಲಿಟ್ಟೆ. "ಸಂಜೆವರೆಗೆ ಸಮಯ ಇದೆ. ಮೊದಲಿಂದ ಮಾಡ್ತೀಯಾ?" ಎಂದರು ಅವರು.

ಹುಡುಗಿ ಕಣ್ಣೊರೆಸಿಕೊಂಡಳು. ಗಟ್ಟಿ ಮುಟ್ಟುವ ಮೊದಲು ಮೇಷ್ಟ್ರ ಮುಂದೆ ಹೋಗಿ ಕೈ ಚಾಚಿದಳು.

"ಬೀರು ಕೀಲಿ ಕೊಡಿ ಸಾರ್. ನಾನು ಮುಗಿಸೋವರೆಗೂ ನೀವು ಹೊರಗಿರಿ."

ಮೇಷ್ಟ್ರು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ತಾವೇ ಬಾಗಿಲೆಳೆದುಕೊಂಡು ಹೊರಗೆ ಹೋದರು.