ಪಿಂಗಣ್ಣನ ಕೂಗಿಗೆ ಓಗೊಟ್ಟಿದ್ದು

ಸತ್ತ ಸರ್ವರ್ ಕೂಡ ಪಿಂಗಣ್ಣ ಕೂಗಿದರೆ ಓ ಎನ್ನುತ್ತಿತ್ತು. ಕರೆಂಟು ತೆಗೆದು, ತಂತಿ ಕಿತ್ತು, ಮೇಲೊಂದು ಕಂಬಳಿ ಹೊದಿಸಿ ಮಲಗಿಸಿದ್ದರೂ ಅಷ್ಟೆ. ಅವನು ಬಾಗಿಲಲ್ಲಿ ನಿಂತು ‘ಇದ್ದೀಯೇನೋ?’ ಎಂದರೆ ಸಾಕು, ಮೈಮುರಿದು ಎದ್ದು ‘ಇದ್ದೀನಿ ಒಡೆಯಾ’ ಎನ್ನುತ್ತಿತ್ತು. ಹಿಂದೊಮ್ಮೆ ಸಿಡಿಲು ಬಡಿದು ಊರಿನ ಯಂತ್ರಗಳೆಲ್ಲ ಕಣ್ಣು ಮುಚ್ಚಿದಾಗ ಓಗೊಟ್ಟದ್ದು ಅವನ ಸರ್ವರ್ ಒಂದೇ. ಇದನ್ನು ಕಂಡವರು ಯಾರೂ ಇರಲಿಲ್ಲ. ಹೇಳಿದವನು ಸ್ವತಃ ಪಿಂಗಣ್ಣನಾದ್ದರಿಂದ ಸಾಕ್ಷಿ ಬೇಕಾಗಿಯೂ ಇರಲಿಲ್ಲ.

ಅವನು ಮಗುವಿನಂತೆ ಸಾಕಿದ್ದ ಆ ಲಿನಕ್ಸ್ ಸರ್ವರ್ ಇದ್ದದ್ದು ಕನ್ನಡಕದ ಗಾಜು ಅರೆಯುವ ಕಾರ್ಖಾನೆಯಲ್ಲಿ. ಯಾರ ಗಾಜನ್ನು ಎಷ್ಟು ಅರೆಯಬೇಕೆಂದು ಪ್ರತಿ ಯಂತ್ರಕ್ಕೂ ಹೇಳುವುದು ಅದೇ. ಮಾತು ನಡುವೆ ತುಂಡಾದರೆ ಯಂತ್ರ ಕೈಕಟ್ಟಿ ನಿಲ್ಲುತ್ತದೆ. ಅರೆಬರೆ ಅರೆದ ಗಾಜು ಕಸದ ಬುಟ್ಟಿ ಸೇರುತ್ತದೆ. ಅದಕ್ಕೇ ಅವನು ಯಂತ್ರಗಳ ಹಜಾರದ ಮೂಲೆಯಲ್ಲಿದ್ದ ಕಂಪ್ಯೂಟರಿನಿಂದ ಸರ್ವರಿಗೆ ಸದಾ ಪಿಂಗ್ ಹೋಗುವಂತೆ ಮಾಡಿದ್ದ. ಪಿಂಗ್ ಅಂದರೆ ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೂಗುವುದು. ಅದು ‘ಇದ್ದೀನಿ’ ಎಂದಾಗಲೆಲ್ಲ ಗೋಡೆಯ ಸ್ಪೀಕರು ‘ಟಿಂ’ ಎನ್ನುತ್ತಿತ್ತು. ಆ ಟಿಂ ಟಿಂ ಕಾರ್ಖಾನೆಯ ನಾಡಿಬಡಿತ. ಅದರಿಂದಲೇ ಅವನಿಗೆ ಪಿಂಗಣ್ಣ ಎಂಬ ಹೆಸರು. ಹೆತ್ತವರು ಇಟ್ಟ ಹೆಸರನ್ನು ಹೆಂಡತಿಯೇ ಮರೆತಿದ್ದಳು.

ಯಜಮಾನಿಯಿಂದ ಹಿಡಿದು ಗೇಟು ಕಾಯುವವನವರೆಗೆ ಅಲ್ಲಿ ಎಲ್ಲರಿಗೂ ಕನ್ನಡಕ. ಪಿಂಗಣ್ಣ ಒಬ್ಬನೇ ಬರಿಗಣ್ಣ. “ಗರುಡಂಗೆ ಯಾರಾದ್ರೂ ಕನ್ನಡಕ ಹಾಕ್ತಾರೇನ್ರೀ?” ಎನ್ನುತ್ತಿದ್ದ. ಮುಂಗೋಣೆಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವ ಡಾಕ್ಟರಮ್ಮ ಕೆಣಕಿದರೆ, ಬಾಗಿಲಾಚೆಯೇ ನಿಂತು ಅಕ್ಷರದ ಹಲಗೆಯ ಕಟ್ಟಕಡೆಯ ಸಾಲನ್ನು ಗಡಗಡ ಒಪ್ಪಿಸುತ್ತಿದ್ದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅದು ಮೆಚ್ಚುಗೆಯ ನಗು, ಅನುಮಾನವೇ ಇರಲಿಲ್ಲ.

ಇಂಥವನನ್ನು ಯಜಮಾನಿ ಒಂದು ಬೆಳಗ್ಗೆ ತನ್ನ ಕೋಣೆಗೆ ಕರೆದಳು.

“ಇನ್ಮೇಲೆ ನೀವು ಸಲಹೆಗಾರರು. ಓಡಾಟ ಸಾಕು ನಿಮಗೆ. ಸರ್ವರ್ ಕೋಣೆ ನಿಮ್ಮ ಷಡ್ಡಕ ನೋಡ್ಕೋತಾನೆ. ಬೀಗದಕೈ ಕೊಟ್ಬಿಡಿ.”

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅಲ್ಲೇ ನಿಂತಿದ್ದ. ಕೆಲಸ ಕಳೆದುಕೊಂಡು ಮನೆ ಹಿಡಿದು ಕೂತಿದ್ದವನನ್ನು ಇಲ್ಲಿಗೆ ತಂದು, ತಂತಿಯ ತುದಿ ಸುಲಿಯುವುದರಿಂದ ಮೊದಲುಮಾಡಿ ವಿದ್ಯೆಯನ್ನೆಲ್ಲ ಧಾರೆಯೆರೆದವನು ಪಿಂಗಣ್ಣ. ಅವನು ‘ಅಣ್ಣ ಇರೋವಾಗ ನಾನ್ಯಾಕೆ’ ಎನ್ನಬಹುದಿತ್ತು. ಸುಳ್ಳಿಗಾದರೂ ಬೆಚ್ಚಿಬೀಳಬಹುದಿತ್ತು. ಏನೂ ಇಲ್ಲ, ನೆಲ ನೋಡುತ್ತ ಕೈ ಚಾಚಿದ. ಪಿಂಗಣ್ಣನ ಮೈಬಿಸಿ ಇನ್ನೂ ಆರದ ಬೀಗದಕೈ ಅವನ ಜೇಬಿಗೆ ಇಳಿಯಿತು.

ಆ ವಾರ ಊಟಕ್ಕೆ ಬಂದ ನಾದಿನಿ ಮಾತು ಜಾರಿಸಿದಳು. “ನಮ್ಮೋರಿಗೆ ಒಂದು ತಿಂಗಳಿಂದ ಇದೇ ಯೋಚ್ನೆ ಕಣಕ್ಕಾ. ಭಾವಂಗೆ ಹೇಗೆ ಹೇಳೋದು ಅಂತ ನಿದ್ದೇನೇ...” ಅಕ್ಕ ಕಣ್ಸನ್ನೆ ಮಾಡಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಪಿಂಗಣ್ಣನ ಕೈಯಲ್ಲಿದ್ದ ತುತ್ತೂ ನಿಂತಿತು. ಒಂದು ತಿಂಗಳು! ಅಷ್ಟೂ ದಿನ ಷಡ್ಡಕ ಇದೇ ಮೇಜಿಗೆ ಕೂತು ‘ಅಣ್ಣಾ, ಉಪ್ಪು ಇತ್ತ ಕೊಡಿ’ ಎನ್ನುತ್ತ ಉಂಡಿದ್ದಾನೆ. ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದ; ಇವನು ಜಂತೆಯನ್ನೇ ಬಿಚ್ಚಿಕೊಂಡು ಹೋಗಿದ್ದ. ಅದೂ ತನ್ನ ಹೆಂಡತಿಗೆ ಗೊತ್ತಿದ್ದೇ!

ಕಾರಣ ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ಒಮ್ಮೆ ತಪ್ಪು ತಂತಿ ಕಿತ್ತು, ಒಂದು ಪಾಳಿಯ ಗಾಜೆಲ್ಲ ಹಾಳಾದದ್ದು ನಿಜ. ಆದರೆ ತಂತಿಯ ಚೀಟಿಯ ಮೇಲೆ ಇರುವೆಗಾಲಿನ ಅಕ್ಷರ ಬರೆದವರದಲ್ಲವೆ ತಪ್ಪು? ಆವತ್ತು ಷಡ್ಡಕ ತಾನಾಗಿ ಮುಂದೆ ಬಂದು ‘ನನ್ನ ಕೈ ತಪ್ಪಿತು ಮೇಡಂ’ ಎಂದು ಬೈಸಿಕೊಂಡಿದ್ದ. ಶಿಷ್ಯನಾದವನು ಅಷ್ಟೂ ಮಾಡದಿದ್ದರೆ ಹೇಗೆ? ಈಗ ನೋಡಿದರೆ ಅದೂ ಯಜಮಾನಿಯ ಕಣ್ಣಿಗೆ ಬೀಳುವ ಉಪಾಯವೇ.

ಪಿಂಗಣ್ಣ ಜಗತ್ತಿನ ಅತ್ಯುತ್ತಮ ಅಪರಾಧವನ್ನು ಯೋಜಿಸಲು ಕೂತ. ಕಳವು, ಕೊಲೆ, ಬೆಂಕಿ ಹಚ್ಚುವುದು ಎಲ್ಲ ಬುದ್ಧಿ ಸಾಲದವರ ಕಸುಬು. ಪೂರ್ತಿ ಕೆಟ್ಟದ್ದನ್ನು ಯಾವ ಪೆದ್ದನೂ ರಿಪೇರಿ ಮಾಡುತ್ತಾನೆ. ಆಗೊಮ್ಮೆ ಈಗೊಮ್ಮೆ ಕೆಟ್ಟು, ನೋಡಲು ಓಡಿಬಂದಾಗ ಸರಿಯಾಗಿರುವುದನ್ನು ಬ್ರಹ್ಮನೂ ರಿಪೇರಿ ಮಾಡಲಾರ. ಡಾಕ್ಟರ ಬಾಗಿಲು ಕಂಡೊಡನೆ ಮಾಯವಾಗುವ ಹಲ್ಲುನೋವಿನಂತೆ. ಸರ್ವರಿನ ಸಂಪರ್ಕ ಹಾಗೆ ಕೆಡಬೇಕು. ಷಡ್ಡಕ ಅದರ ಹಿಂದೆ ಓಡಿ ಓಡಿ ಎಲ್ಲರೆದುರು ಪೆಚ್ಚಾಗಬೇಕು. ಕೊನೆಗೆ ಯಜಮಾನಿ ತಾನೇ ಬಂದು ಬೀಗದಕೈ ವಾಪಸು ಕೊಡಬೇಕು.

ಉಪಾಯ ಶಾಲೆಯ ಕಾಲದ್ದು. ಹಾಜರಿ ಕೂಗುವಾಗ ಬಾರದವನ ಪರವಾಗಿ ಹಿಂದಿನ ಬೆಂಚಿನವನು ‘ಎಸ್ ಸಾರ್’ ಎನ್ನುತ್ತಾನಲ್ಲ, ಹಾಗೆ. ಪಿಂಗಣ್ಣ ಮನೆಯ ಡ್ರಾಯರಿನಲ್ಲಿ ಬಿದ್ದಿದ್ದ ಅಂಗೈಯಗಲದ ಕಂಪ್ಯೂಟರಿಗೆ ಸರ್ವರಿನ ವಿಳಾಸವನ್ನೇ ಕೊಟ್ಟ. ಅಷ್ಟಕ್ಕೇ ಬಿಟ್ಟರೆ ಕಸುಬುದಾರನೊಬ್ಬ ಯಂತ್ರದ ಹುಟ್ಟುಸಂಖ್ಯೆ ನೋಡಿ ಕಳ್ಳನನ್ನು ಹಿಡಿದಾನು. ಆದ್ದರಿಂದ ಆ ಹುಟ್ಟುಸಂಖ್ಯೆಯನ್ನೂ ನಕಲು ಮಾಡಿದ. ಈಗ ಅದು ಸರ್ವರಿನ ಅವಳಿ. ಅವಳಿ ಎಚ್ಚರವಿದ್ದಾಗ ಸರ್ವರಿಗೆ ಹೋಗಬೇಕಾದ ಮಾತು ಒಮ್ಮೆ ಇದರ ಕಿವಿಗೆ, ಒಮ್ಮೆ ಅದರ ಕಿವಿಗೆ. ಈ ಅವಳಿ ಯಂತ್ರಕ್ಕೆ ‘ಇದ್ದೀನಿ’ ಎನ್ನುವುದೊಂದು ಬಿಟ್ಟರೆ ಗಾಜು ಅರೆಸುವ ವಿದ್ಯೆ ಎಳ್ಳಷ್ಟೂ ಗೊತ್ತಿಲ್ಲ. ಹಾಗಾಗಿ ಸ್ಪೀಕರು ಟಿಂ ಎನ್ನುತ್ತಲೇ ಇರುತ್ತದೆ, ಯಂತ್ರಗಳು ಮಾತ್ರ ನಿಂತು ಮುಖ ಮುಖ ನೋಡುತ್ತವೆ.

ಬಚ್ಚಿಡುವ ಜಾಗದಲ್ಲಂತೂ ಅವನು ತನ್ನನ್ನೇ ಮೀರಿಸಿದ. ಮುಂಗೋಣೆಯ ಅಕ್ಷರದ ಹಲಗೆ ನಿಜವಾಗಿ ಒಂದು ಪೆಟ್ಟಿಗೆ. ಒಳಗೆ ಟ್ಯೂಬ್‌ಲೈಟು, ಹಿಂದೆ ಎಂದೋ ಬಳಕೆ ತಪ್ಪಿದ ನೆಟ್‌ವರ್ಕ್ ತಂತಿ. ಊರಿಗೆ ಊರೇ ಕಣ್ಣರಳಿಸಿ ನೋಡುವ ಜಾಗ, ಒಳಗೇನಿದೆ ಎಂದು ನೋಡಿದವರಿಲ್ಲ. ಟ್ಯೂಬು ಬದಲಾಯಿಸಿಕೊಡುವ ಉಪಕಾರದ ನೆಪದಲ್ಲಿ ಅವಳಿಯನ್ನು ಒಳಗೆ ಮಲಗಿಸಿ, ದೀಪದ ಕರೆಂಟನ್ನೇ ಅದಕ್ಕೂ ಕೊಟ್ಟ. ಡಾಕ್ಟರಮ್ಮ ಆ ದೀಪ ಹಚ್ಚುವುದು ಗಿರಾಕಿ ಕುರ್ಚಿಯಲ್ಲಿ ಕೂತಾಗ ಮಾತ್ರ. ದೀಪ ಹತ್ತಿ, ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಅವಳಿ ಯಂತ್ರಕ್ಕೆ ಎಚ್ಚರ. ದೀಪ ಆರಿದರೆ ನಿದ್ದೆ. ಗಡಿಯಾರವಿಲ್ಲ, ಲೆಕ್ಕಾಚಾರವಿಲ್ಲ, ಊರಿನ ಮಂದಗಣ್ಣುಗಳೇ ಅವನ ಕೂಲಿಯಾಳುಗಳು. ಅವನು ಆ ಹೊತ್ತಿಗೆ ಯಜಮಾನಿಯ ಎದುರೇ ಚಹಾ ಕುಡಿಯುತ್ತಿರಬಹುದು.

ಹಾಗೆಯೇ ನಡೆಯಿತು. ಷಡ್ಡಕ ಮೊದಲು ತಂತಿ ಬದಲಾಯಿಸಿದ. ಆಮೇಲೆ ಆ ತಂತಿ ಚುಚ್ಚುವ ತೂತು ಬದಲಾಯಿಸಿದ. ಸರ್ವರು ಕರೆಂಟು ಉಳಿಸಲೆಂದು ತೂಕಡಿಸುತ್ತಿದೆಯೇನೋ ಎಂದು ಆ ಗುಣವನ್ನೇ ತೆಗೆದ. ತಂತಿಗಳೆಲ್ಲ ಕೂಡುವ ಸ್ವಿಚ್ ಪೆಟ್ಟಿಗೆಯನ್ನೂ ಹೊಸದು ಮಾಡಿದ. ನಾಲ್ಕಾರು ಗಂಟೆ ಎಲ್ಲ ಸರಿ. ಆಮೇಲೆ ಯಾವುದೋ ಅಜ್ಜಿ ಸೊಸೆಯ ಕೈ ಹಿಡಿದು ಕಣ್ಣು ತೋರಿಸಲು ಬರುತ್ತಿದ್ದಳು, ಹಜಾರ ತಟಸ್ಥವಾಗುತ್ತಿತ್ತು.

ಒಂದು ಮಧ್ಯಾಹ್ನ ಷಡ್ಡಕ ಪಿಂಗಣ್ಣನ ಮೇಜಿಗೇ ಬಂದ. ಕಣ್ಣು ಕೆಂಪಗಿತ್ತು.

“ಅಣ್ಣಾ, ಪಿಂಗ್ ಓ ಅಂತಿದೆ. ಕೆಲಸ ಮಾತ್ರ ಆಗ್ತಿಲ್ಲ. ನನ್ನ ತಲೆ ಕೆಟ್ಟಿದೆಯೋ, ಅದರದೋ?”

“ಸಲಹೆ ಬೇಕೇನಪ್ಪ? ನಾನೀಗ ಸಲಹೆಗಾರ.”

“ಕುಟುಕಬೇಡಿ ಅಣ್ಣಾ. ಇನ್ನೊಂದ್ಸಲ ನಿಂತ್ರೆ ಮನೆಗೆ ಹೋಗು ಅಂದಿದಾರೆ.”

“ಸರ್ವರ್ ಅನ್ನೋದು ಹಸು ಇದ್ದ ಹಾಗೆ ಕಣೋ. ಸಾಕಿದೋನ ಕೈ ಬಿಟ್ಟು ಬೇರೆಯವರ ಕೈಗೆ ಹಾಲು ಕೊಡಲ್ಲ.”

ಷಡ್ಡಕ ಏನನ್ನೋ ಹೇಳಲು ಬಾಯಿ ತೆರೆದ. ಮೇಜಿನ ಮೇಲೆ ಪಿಂಗಣ್ಣ ಮೂಗಿಗೆ ತಾಗಿಸಿ ಓದುತ್ತಿದ್ದ ಹಾಳೆಯನ್ನು ನೋಡಿದ. ಬಂದ ದಾರಿಯಲ್ಲೇ ತಿರುಗಿ ಹೋದ. ಬೆನ್ನಿಗೆ ಚೂರಿ ಹಾಕಿದವನಿಗೆ ಎದುರು ನಿಂತು ಮಾತಾಡುವ ಬಾಯಿ ಎಲ್ಲಿಂದ ಬರಬೇಕು, ಎಂದುಕೊಂಡ ಪಿಂಗಣ್ಣ. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಗೆಲುವು ಹಾಗೆಯೇ ಚುಚ್ಚುತ್ತದೆ ಎಂದು ತನಗೆ ತಾನೇ ವಿವರಿಸಿಕೊಂಡ.

ಮರುದಿನವೇ ಸಂಪರ್ಕ ಮತ್ತೆ ಕಡಿಯಿತು, ಯಜಮಾನಿ ಬಂದಳು. “ಪಿಂಗಣ್ಣಾ, ನೀವೇ ಗತಿ. ನೀವು ಸರಿಮಾಡಿದ್ರೆ ಬೀಗದಕೈ ನಿಮ್ಮದು. ಅವನನ್ನ ಕಳಿಸಿಬಿಡ್ತೀನಿ.”

“ಮಾಡೋಣ ಮೇಡಂ. ರಜೆ ದಿನ ಮಾಡೋಣ. ಎಲ್ಲರೂ ಬರಲಿ, ಕಣ್ಣಾರೆ ನೋಡಲಿ.”

ರಜೆಯ ದಿನವನ್ನು ಆರಿಸಿದ್ದರಲ್ಲೇ ಅವನ ಮೇಧಾಶಕ್ತಿ ಇತ್ತು. ಅಂದು ಮುಂಗೋಣೆಗೆ ಗಿರಾಕಿಗಳಿಲ್ಲ. ಗಿರಾಕಿ ಇಲ್ಲದಿದ್ದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ಅವಳಿ ಗೊರಕೆ ಹೊಡೆಯುತ್ತಿರುತ್ತದೆ. ಎಲ್ಲರೆದುರು ಸರ್ವರನ್ನು ಆರಿಸುವುದು, ತಂತಿ ಕಿತ್ತು ಒರೆಸುವುದು, ಕಿವಿಯಲ್ಲಿ ಎರಡು ಮಾತು ಹೇಳಿ ಮತ್ತೆ ಎಬ್ಬಿಸುವುದು. ಜನ ಚದುರಿದ ಮೇಲೆ ‘ಆ ಟ್ಯೂಬು ಮಿಣುಕ್ತಿದೆಯಂತೆ’ ಎಂದು ಸ್ಕ್ರೂಡ್ರೈವರು ಹಿಡಿದು ಹೋಗಿ ಅವಳಿಯನ್ನು ಜೇಬಿಗಿಳಿಸುವುದು. ಆಮೇಲೆ ಸರ್ವರ್ ಜನ್ಮದಲ್ಲಿ ಕೆಡುವುದಿಲ್ಲ.

ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ತಂಗಿ ಎರಡು ದಿನದಿಂದ ಅಳ್ತಿದಾಳೆ. ಅವನ ಕೆಲಸ ಹೋಗೋ ಹಾಗೆ ಮಾತ್ರ ಮಾಡಬೇಡ್ರಿ. ನಿಮ್ಮ ಮರ್ಯಾದೆ ಅವನು ಎಷ್ಟು...”

“ನನ್ನ ಮರ್ಯಾದೆ ಅವನ ಜೇಬಲ್ಲಿದೆ, ಬೀಗದಕೈ ಜೊತೆ,” ಎಂದು ಪಿಂಗಣ್ಣ ಮೆಟ್ಟಿಲಿಳಿದ.

ಹಜಾರದಲ್ಲಿ ಎಲ್ಲರೂ ಸೇರಿದ್ದರು. ಮುಂಗೋಣೆಯ ಬಾಗಿಲ ಗಾಜಿನಾಚೆ ಹೆಂಗಸಿನ ಆಕಾರವೊಂದು ಮಸುಕಾಗಿ ಓಡಾಡುತ್ತಿತ್ತು, ಕಸ ಗುಡಿಸುವವಳಿರಬೇಕು. ಗಾಜಿನ ಗೋಡೆಯ ಸರ್ವರ್ ಕೋಣೆಯಲ್ಲಿ ಷಡ್ಡಕ ಕೈಕಟ್ಟಿ ನಿಂತಿದ್ದ. ಪಿಂಗಣ್ಣ ಅವನ ಕಡೆ ನೋಡದೆ ಸರ್ವರನ್ನು ಆರಿಸಿದ. ಫ್ಯಾನು ನಿಂತಿತು. ವರ್ಷಗಳಿಂದ ಬಡಿಯುತ್ತಿದ್ದ ಟಿಂ ಟಿಂ ನಿಂತಿತು. ಅಂಥ ಮೌನವನ್ನು ಆ ಹಜಾರ ಕೇಳಿಯೇ ಇರಲಿಲ್ಲ. ಅವನು ಸರ್ವರಿನ ತಂತಿ ಕಿತ್ತು, ಹೊಡೆದು ಹಾಕಿದ ಹಾವಿನಂತೆ ಎತ್ತಿ ತೋರಿಸಿದ.

“ಇದು ಸತ್ತಿದೆ ಅಂತ ನೀವಂದ್ಕೊಂಡಿದೀರಿ. ಸಾಕಿದ ಕೈ ಇರೋವರೆಗೂ ಇದು ಸಾಯಲ್ಲ. ನಾನು ಕೂಗಿದ್ರೆ ಸಾಕು. ಏ, ಇದ್ದೀಯೇನೋ?”

ಟಿಂ.

ಹಜಾರಕ್ಕೆ ಹಜಾರವೇ ಉಸಿರು ಬಿಗಿಹಿಡಿಯಿತು. ಟಿಂ. ಟಿಂ. ಯಜಮಾನಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ, ಇಷ್ಟು ವರ್ಷ ಇವರು ಹೇಳ್ತಿದ್ದಿದ್ದು ನಿಜಾನೇ ಕಣ್ರೋ!” ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಜೀವಮಾನದಲ್ಲಿ ಮೊದಲ ಸಲ ಪಿಂಗಣ್ಣನ ಮಾತನ್ನು ಜನ ನಂಬಿದ್ದರು. ಅವನು ಮಾತ್ರ ಮುಂಗೋಣೆಯ ಬಾಗಿಲ ಕಡೆ ತಿರುಗಿದ. ಚಪ್ಪಾಳೆ ತಟ್ಟದಿದ್ದವನು ಷಡ್ಡಕ ಒಬ್ಬನೇ.

“ಸತ್ತಿರೋದು ಮಾತಾಡಲ್ಲ ಮೇಡಂ,” ಎಂದ ಅವನು ನಿಧಾನವಾಗಿ. “ಇದರ ಹೆಸರಲ್ಲಿ ಇನ್ಯಾರೋ ಓ ಅಂತಿದಾರೆ. ಅಣ್ಣಾನೇ ಕಲಿಸಿದ್ದು, ಹುಡುಕಬೇಕಾದ್ರೆ ಒಂದೊಂದೇ ತಂತಿ ಕೀಳು ಅಂತ.” ಸ್ವಿಚ್ ಪೆಟ್ಟಿಗೆಯ ಮುಂದೆ ಕೂತು ಒಂದು ತಂತಿ ಕಿತ್ತ. ಟಿಂ. ಇನ್ನೊಂದು. ಟಿಂ.

ಆಗ ಮುಂಗೋಣೆಯ ಬಾಗಿಲು ತೆರೆದು ಡಾಕ್ಟರಮ್ಮ ಇಣುಕಿ ಷಡ್ಡಕನನ್ನು ಕೇಳಿದಳು. “ರಜೆ ದಿನ ಯಾರಿಗೂ ಗೊತ್ತಾಗದ ಹಾಗೆ ‘ನಮ್ಮಣ್ಣನ ಕಣ್ಣು ನೋಡಿ’ ಅಂತ ಕರೆಸಿದ್ದು ನೀವೇ ತಾನೇ? ಹಲಗೆ ದೀಪ ಹಚ್ಚಿ ಕಾಯ್ತಿದೀನಿ, ಕಳಿಸ್ರೀ ಅವರನ್ನ! ನೀವು ಆರಿಸಿದ ಫ್ರೇಮೂ ಬಂದಿದೆ.” ಆಮೇಲೆ ಜನವನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಊರಿನ ಕಣ್ಣುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದ ಪಿಂಗಣ್ಣ ತನ್ನೆರಡು ಕಣ್ಣುಗಳನ್ನು ಮರೆತಿದ್ದ. ಷಡ್ಡಕನ ಕೈ ಮುಂಗೋಣೆಯ ತಂತಿಯ ಮೇಲೆ ನಿಂತಿತು; ಅವನು ಅದನ್ನು ಕೀಳಲಿಲ್ಲ, ತಿರುಗಿ ನೋಡಿದ. “ಕೀಳೋದು ಬೇಡ,” ಎಂದ ಪಿಂಗಣ್ಣ. ಅಷ್ಟು ಸಣ್ಣ ದನಿ ಅವನಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. “ಮೇಡಂ, ಸತ್ತ ಸರ್ವರ್ ನನ್ನ ಮಾತಿಗೆ ಯಾವತ್ತೂ ಓ ಅಂದಿಲ್ಲ. ಓ ಅಂತಿರೋದು ಆ ಅಕ್ಷರದ ಪೆಟ್ಟಿಗೆ ಒಳಗಿದೆ. ನಾನೇ ಇಟ್ಟಿದ್ದು.” ಷಡ್ಡಕನ ಮುಖದಲ್ಲೇನಿದೆ ಎಂದು ಓದಲು ಅವನು ಕಣ್ಣು ಕಿರಿದಾಗಿಸಿದ, ಒಂದು ಹೆಜ್ಜೆ ಮುಂದಿಟ್ಟ, ಮತ್ತೂ ಕಿರಿದಾಗಿಸಿದ. “ಕಡೇ ಸಾಲು ಬಾಯಿಪಾಠ ಕಣೋ. ನನಗೆ ಹಲಗೆ ಮೇಲಿನ ಅಕ್ಷರ ಕಾಣಲ್ಲ, ತಂತಿ ಚೀಟಿ ಕಾಣಲ್ಲ. ನೀನೀಗ ಹೇಗೆ ನೋಡ್ತಿದೀಯ ನನ್ನ, ಅದೂ ಕಾಣಲ್ಲ.”