ಪೇರಿಸಿಟ್ಟ ಕಲ್ಲುಗಳು

ಸೋಮವಾರ, ಜೂನ್ 23, ಬೆಳಗ್ಗೆ 9.10. ಮಲಾಡಿನ ಠಾಣೆಗೆ ಗುತ್ತಿಗೆದಾರ ತಿಲಕ್ ಏದುಸಿರು ಬಿಡುತ್ತ ಬಂದ. ಹೋದ ವರ್ಷದ ಬಿರುಮಳೆಗೆ ಹಳೆಯ ಗೋಡೆ ಕುಸಿದಿದ್ದ ನಾಲೆಯ ಇಳಿಜಾರಿಗೆ, ಮೋರಿಯ ಪಕ್ಕದಲ್ಲಿ ಅವನು ಹೊಸದಾಗಿ ಕಟ್ಟಿಸಿದ ಕಲ್ಲುಗೋಡೆಯ ಬುಡವನ್ನು ಭಾನುವಾರ ಯಾರೋ ಐದು ಕಡೆ ಕೊರೆದಿದ್ದರು. ಗೋಡೆಯ ಕೆಳಗೆ ನಲವತ್ತು ಮನೆಗಳ ಚಾಳ್. ಸಂಜೆಗೆ ಭಾರೀ ಮಳೆಯ ಮುನ್ಸೂಚನೆ ಬೇರೆ.

"ಮಳೆ ಬರುವ ಮೊದಲು ತೂತು ಮುಚ್ಚಿಸ್ತೇನೆ ಮೇಡಂ. ಆ ಬದ್ಮಾಶನನ್ನು ನೀವು ಹಿಡೀರಿ ಮಾರಾಯ್ರೆ."

ಇನ್‌ಸ್ಪೆಕ್ಟರ್ ವಿನೋದಿನಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಕಾಶಿನಾಥನೊಂದಿಗೆ ಸ್ಥಳ ಪಂಚನಾಮೆಗೆ ಹೋದಳು. ಕಿತ್ತ ಕಲ್ಲುಗಳಲ್ಲಿ ಒಂದೂ ಕಾಣೆಯಾಗಿರಲಿಲ್ಲ. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಅಡುಗೆಮನೆಯ ಡಬ್ಬಿಗಳಂತೆ ಪೇರಿಸಿಟ್ಟಿದ್ದವು. ಕಳ್ಳನಾದರೆ ಹೊತ್ತೊಯ್ಯುತ್ತಿದ್ದ, ಕಿಡಿಗೇಡಿಯಾದರೆ ನಾಲೆಗೆ ಎಸೆಯುತ್ತಿದ್ದ. ಅವಳಿಗೆ ತಲೆ ಕೆಟ್ಟಿತು.

"ಇದು ಗೌಂಡಿ ಕೆಲಸರೀ ಮೇಡಂ," ಎಂದ ಕಲಬುರಗಿ ಕಡೆಯ ಕಾಶಿನಾಥ. "ನಮ್ಮಪ್ಪನೂ ಗೌಂಡಿನ. ಕಲ್ಲು ಒಗದ್ರ ಅನ್ನಾ ಒಗದಂಗ ಅಂತಿದ್ದ."

ಹಾಗಾದರೆ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗೋಡೆ ಕಟ್ಟಿದ ಐವರು ಗೌಂಡಿಗಳಲ್ಲಿ ನಾಲ್ವರು ಭಾನುವಾರ ಪವಾಯಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಉಳಿದವನು ಗದಿಗೆಪ್ಪ. 1.20ಕ್ಕೆ ಅವನನ್ನು ಗೋಡೆಯ ಬಳಿಗೇ ಕರೆತಂದರು.

"ಕಿತ್ತವನು ನೀನಾ?"

"ಹೌದ್ರೀ."

"ಕಟ್ಟಿದವನು?"

"ನಾನರೀ. ನೀರು ಹೋಗಾಕ ತೂತು ಬಿಟ್ಟಿದ್ದೆ. ಚಂದ ಕಾಣಂಗಿಲ್ಲ ಅಂತ ತಿಲಕ್ ಸೇಠ್ ಮುಚ್ಚಿಸಿದ್ರು. ಹಿಂದ ನೀರು ನಿಂತ್ರ ಗ್ವಾಡಿ ಚಾಳಿನ ಮ್ಯಾಲ ಬೀಳ್ತೈತ್ರೀ."

"ಅವರಿಗೆ ಹೇಳಲಿಲ್ವಾ?"

"ಮೂರು ಸಲ ಹೇಳೀನ್ರೀ."

ವಿನೋದಿನಿ ಮಣ್ಣು ಕಟ್ಟಿಕೊಂಡಿದ್ದ ಒಂದು ತೂತಿನೊಳಗೆ ಸರಳು ತೂರಿದಳು. ಎರಡು ದಿನದಿಂದ ಹನಿ ಮಳೆಯಿಲ್ಲ. ಆದರೂ ಕೆಸರುನೀರು ಚಿಮ್ಮಿ ಅವಳ ಬೂಟು ತೋಯಿಸಿತು. ಅವಳಿಗೆ ನಿಜಕ್ಕೂ ಭಯವಾಯಿತು. ಅತ್ತ ತಿಲಕನ ಆಳುಗಳು ಸಿಮೆಂಟ್ ಕಲಸುತ್ತಿದ್ದರು.

"ನಿಲ್ಲಿಸಿ! ಈ ತೂತುಗಳು ಕೇಸಿನ ಸಾಕ್ಷಿ. ಒಂದು ಹಿಡಿ ಸಿಮೆಂಟ್ ಬಿದ್ರೂ ನಿಮ್ಮನ್ನೇ ಒಳಗೆ ಹಾಕ್ತೇನೆ."

"ನನ್ನ ಕಂಪ್ಲೇಂಟ್ ಮೇಡಂ ಅದು!" ತಿಲಕ್ ಬಾಯಿ ಬಡಿದುಕೊಂಡ.

"ಹೌದು. ಅದಕ್ಕೇ ತನಿಖೆ ಮಾಡ್ತಿದ್ದೇನೆ."

ಮುಚ್ಚಿಸಿದ್ದು ಯಾರು ಎಂಬುದನ್ನೂ ಅವಳು ಪಂಚನಾಮೆಯಲ್ಲಿ ಬರೆಸಿದಳು. ಮಳೆ ನಿಲ್ಲುವವರೆಗೆ ಇರಲೆಂದು ಚಾಳಿನವರನ್ನು ಹತ್ತಿರದ ಶಾಲೆಗೆ ಕಳಿಸಿದಳು. ಕಾನೂನು ಕಾನೂನೇ; 3.40ಕ್ಕೆ ಗದಿಗೆಪ್ಪನ ಬಂಧನವಾಯಿತು.

ಐದೂವರೆಗೆ ಮಳೆ ಹುಚ್ಚೆದ್ದು ಸುರಿಯಿತು. ಏಳಕ್ಕೆ ಸ್ಥಳದಿಂದ ಕಾಶಿನಾಥನ ಫೋನು ಬಂತು: ಐದೂ ತೂತುಗಳಲ್ಲಿ ನೀರು ಧುಮುಕುತ್ತಿದೆ, ಗೋಡೆ ನಿಂತಿದೆ.

ವಿನೋದಿನಿ ಲಾಕಪ್ಪಿಗೆ ಹೋಗಿ ಅದನ್ನು ಹೇಳಿದಾಗ ಗದಿಗೆಪ್ಪ ಬಿಕ್ಕಿ ಬಿಕ್ಕಿ ಅತ್ತ. ಹೇಳಿಕೆಯ ಕೊನೆಯ ಸಾಲುಗಳನ್ನು ಅವನು ಬರೆಸಿದ್ದು ಆಮೇಲೆ. ಹೋದ ವರ್ಷ ಕುಸಿದ ಗೋಡೆಯಡಿ ಸಿಕ್ಕಿ ಸತ್ತ ಸೋಮವ್ವ ಅವನ ಹೆಂಡತಿ. ಆ ಗೋಡೆ ಕಟ್ಟಿದ್ದೂ ಅವನೇ. ಆಗಲೂ ತೂತು ಮುಚ್ಚು ಎಂದಾಗ ಎದುರು ಮಾತಾಡದೆ ಮುಚ್ಚಿದ್ದೂ ಅವನೇ.