ನಲವತ್ತೊಂದನೇ ಕಿಲೋಮೀಟರಿನ ತಪಾಸಣೆ

ಮಾರ್ಚ್ 11, ಮಂಗಳವಾರ. ಬೆಳಗ್ಗೆ 9.40ಕ್ಕೆ ಮೊರಗಹವೆಲ ಪೊಲೀಸ್ ಠಾಣೆಯ ಮುಂದೆ ನೀಲಿ ಬಣ್ಣದ ಬಾಡಿಗೆ ಆಟೋವೊಂದು ಬಂದು ನಿಂತಿತು. ಓಡಿಸುತ್ತಿದ್ದವನು ಯೋಸ್ಟ್ ಎಂಬ ಡಚ್ ಪ್ರವಾಸಿ. ಹಿಂದೆ ಅವನ ಹೆಂಡತಿ ಮಾರೈಕೆ, ಎರಡು ಚೀಲ ಮತ್ತು ಒಂದು ಗೊನೆ ಬಾಳೆಹಣ್ಣು. ಪೊಲೀಸನೊಬ್ಬ ದಾರಿಯಲ್ಲಿ ತಡೆದು ತನ್ನ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕಿತ್ತುಕೊಂಡನೆಂಬುದು ಯೋಸ್ಟ್‌ನ ದೂರು. ಇನ್ನು ಗಾಡಿ ಮುಟ್ಟಬೇಡ ಎಂದೂ ಆ ಪೊಲೀಸ್ ಹೇಳಿದ್ದನಂತೆ. ಅದನ್ನು ತಿಳಿಸಲು ಮಹಾಶಯ ಗಾಡಿ ಓಡಿಸಿಕೊಂಡೇ ಬಂದಿದ್ದ.

ಠಾಣಾಧಿಕಾರಿ ಇನ್‌ಸ್ಪೆಕ್ಟರ್ ಅಬೇಕೋನ್ ಎದುರಿನ ಕುರ್ಚಿ ತೋರಿಸಿದರು. ಸಾರ್ಜೆಂಟ್ ನಾಲಿಕಾ ದೂರು ಪುಸ್ತಕ ತೆರೆದಳು.

"ಎಲ್ಲಿ?"

"41 ಅಂತ ಬರೆದ ಕಲ್ಲಿನ ಹತ್ತಿರ, ತಿರುವಿನಲ್ಲಿ. ಎಂಟೂಕಾಲಿಗೆ."

"ದಂಡದ ಚೀಟಿ ಕೊಟ್ಟನಾ?"

"ಇಲ್ಲ."

"ಎದೆ ಮೇಲೆ ನಂಬರ್ ಇತ್ತಾ?"

"ಇರಲಿಲ್ಲ."

"ಹಣ ಕೇಳಿದನಾ?"

"ಇಲ್ಲ. ನಾನೇ ಕೊಡೋಕೆ ಹೋದೆ. ಕೈ ತಳ್ಳಿಬಿಟ್ಟ. ತುಂಬಾ ಕೋಪ ಬಂತು ಅವನಿಗೆ."

ನಾಲಿಕಾಳ ಪೆನ್ನು ಅರೆಕ್ಷಣ ನಿಂತಿತು. ಹಣ ತಳ್ಳಿದವನ ಮೇಲೆ ದೂರು ಬರೆದು ಅವಳಿಗೆ ಅಭ್ಯಾಸವಿರಲಿಲ್ಲ.

ಆ ಬೆಳಗ್ಗೆ ಆ ರಸ್ತೆಯಲ್ಲಿ ಗಸ್ತಿನಲ್ಲಿದ್ದವನು ಕಾನ್‌ಸ್ಟೇಬಲ್ ತಿಲಕಸಿರಿ ಒಬ್ಬನೇ. ಅವನನ್ನು ಇನ್ನೂ ಮೂವರ ಜತೆ ಸಾಲಾಗಿ ನಿಲ್ಲಿಸಿ ತೋರಿಸಿದರು. ಯೋಸ್ಟ್ ತಿಲಕಸಿರಿಯ ಮುಂದೆ ತಡೆದು ನಿಂತ. "ಇವನೇ ಇರಬಹುದು. ಟೋಪಿ ಹಾಕಿದ್ರೆ ಎಲ್ಲಾ ಒಂದೇ ಥರ ಕಾಣ್ತಾರೆ," ಎಂದ.

"ಎಂಟರಿಂದ ಎಂಟೂ ನಲವತ್ತೈದರವರೆಗೆ ನಿನ್ನ ಪುಸ್ತಕ ಖಾಲಿ ಇದೆ. ಎಲ್ಲಿದ್ದೆ?" ಅಬೇಕೋನ್ ತಿಲಕಸಿರಿಯನ್ನು ಕೇಳಿದರು.

"ಮೊಟ್ಟೆ ರೊಟ್ಟಿ ತಿಂತಿದ್ದೆ ಸರ್."

"ಮುಕ್ಕಾಲು ಗಂಟೆ?"

"ಮೂರು ತಿಂದೆ ಸರ್. ಹದಿನಾಲ್ಕು ವರ್ಷದ ನೌಕರಿ. ಅಂಥ ಕೆಲಸ ಮಾಡಿಲ್ಲ."

ರೊಟ್ಟಿ ಅಂಗಡಿಯವನು ತಿಲಕಸಿರಿಯ ಭಾವಮೈದುನನಾದ್ದರಿಂದ ಆ ಸಾಕ್ಷ್ಯಕ್ಕೆ ಕಾಸಿನ ಕಿಮ್ಮತ್ತಿರಲಿಲ್ಲ. 12.15ಕ್ಕೆ ಮೇಲಧಿಕಾರಿಯ ಫೋನ್ ಬಂತು. ರಾಯಭಾರ ಕಚೇರಿಯವರು ಆಗಲೇ ವಿಚಾರಿಸಿದ್ದರು. ನಾಳೆ ಮಧ್ಯಾಹ್ನದೊಳಗೆ ಬೇರೆ ಹೆಸರು ಸಿಗದಿದ್ದರೆ ತಿಲಕಸಿರಿಯನ್ನು ಅಮಾನತು ಮಾಡಿ ಎಂಬುದು ಆಜ್ಞೆ. ಅಬೇಕೋನ್ ಫೋನ್ ಇಟ್ಟು, ಬೆಲ್ಟ್ ಬಿಗಿದುಕೊಂಡು ಎದ್ದರು. ಮಾಡದ ತಪ್ಪಿಗೆ ತನ್ನ ಠಾಣೆಯವನು ಮನೆಗೆ ಹೋಗಬಾರದೆಂದು ಅವರಿಗೆ ಹಟ ಬಂದಿತ್ತು.

ಮಧ್ಯಾಹ್ನ 2.30ಕ್ಕೆ ತಿರುವಿನಲ್ಲಿ ಸ್ಥಳ ಮಹಜರು ನಡೆಯಿತು. ಒಂದು ಕಡೆ ಟೀ ತೋಟ, ಇನ್ನೊಂದು ಕಡೆ ಕಂದಕ. ನೆಲದ ಮೇಲೆ ದೊರೆತದ್ದು ಏನೂ ಇಲ್ಲ. ಜೀಪನ್ನು ನೋಡಿದ ಲಾರಿಯೊಂದು ಎದುರಿನ ವಾಹನಗಳಿಗೆ ಲೈಟ್ ಮಿಣುಕಿಸುತ್ತ ಹೋಯಿತು.

"ನೋಡಿದ್ಯಾ ನಾಲಿಕಾ? ನಾವು ಗಾಡಿ ನಿಲ್ಲಿಸಿ ಉಸಿರಾಡೋದಕ್ಕಿಲ್ಲ, ಊರಿಗೆಲ್ಲ ಸುದ್ದಿ," ಎಂದರು ಅಬೇಕೋನ್.

ನಾಲಿಕಾ ಅಲ್ಲಿಂದಲೇ ಯೋಸ್ಟ್‌ಗೆ ಫೋನ್ ಮಾಡಿದಳು. "ನಿಮ್ಮನ್ನ ತಡೆಯೋ ಮೊದಲು ಎದುರಿನಿಂದ ಬಂದವರು ಯಾರಾದ್ರೂ ಲೈಟ್ ಹೊಡೆದ್ರಾ?"

ಒಂದು ಬಸ್ಸು, ಎರಡು ವ್ಯಾನು ಬಂದಿದ್ದವು. ಯಾರೂ ಹೊಡೆದಿರಲಿಲ್ಲ.

ಆ ಹೊತ್ತಿಗೆ ತಿರುವು ದಾಟುವ ಬಸ್ಸು ಒಂದೇ. ಅದರ ಚಾಲಕ ಸುಗತಪಾಲ ಸಂಜೆ ನಾಲ್ಕಕ್ಕೆ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದ. ನಾಲಿಕಾ ಕೇಳಿದ್ದಕ್ಕೆ ನಕ್ಕುಬಿಟ್ಟ.

"ಲೈಟ್ ಯಾಕೆ ಹೊಡೀಬೇಕಕ್ಕಾ? ಅವರು ನಮ್ಮ ತಂಟೆಗೇ ಬರಲ್ಲ. ಬಿಳಿಯರು ಓಡಿಸೋ ಆಟೋ ಮಾತ್ರ ನಿಲ್ಲಿಸೋದು. ನಾವು ಒಂದು ಹಾರ್ನ್ ಹೊಡೆದು ನಮಸ್ಕಾರ ಹೇಳಿ ಹೋಗ್ತೀವಿ."

"ಯಾರಿಗೆ ನಮಸ್ಕಾರ?"

"ಇದೇನಕ್ಕಾ, ನಿಮ್ಮ ಠಾಣೆಯವರೇ ಅಲ್ವಾ? ಕಿರಿಬಂಡಾ ಸಾರ್ಜೆಂಟ್ ಮಹತ್ತಯಾ, ನಮ್ಮ ಸಾಹೇಬ್ರು!"

"ಅವರು ನಿವೃತ್ತಿಯಾಗಿ ಹತ್ತು ತಿಂಗಳಾಯ್ತು."

"ಹೌದಾ? ನಮಗ್ಯಾರು ಹೇಳಿದ್ರು?"

ಹೆಸರು ಕೇಳಿ ಅಬೇಕೋನ್ ಮುಖ ಬಾಡಿತು. ಆ ತಿರುವಿನಲ್ಲಿ ಕಳೆದ ವರ್ಷ ಏನಾಗಿತ್ತೆಂದು ನಾಲಿಕಾಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತದೆ ಜೀಪು ಹತ್ತಿದರು.

ಮಾರ್ಚ್ 12, ಬುಧವಾರ, ಬೆಳಗ್ಗೆ 7.50. ಕಿರಿಬಂಡಾ 41ರ ಕಲ್ಲಿನ ಪಕ್ಕದಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಖಾಕಿ, ಬಿಳಿ ಕೈಗವಸು, ನಂಬರಿಲ್ಲದ ಎದೆ. ಜೀಪು ನಿಂತೊಡನೆ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದರು. ಅಬೇಕೋನ್ ಕೈಯೂ ಅರ್ಧ ಮೇಲೆದ್ದು ಕೆಳಗಿಳಿಯಿತು.

"ಕಿರಿಬಂಡಾ ಅಣ್ಣ, ನಿಮ್ಮನ್ನ ಬಂಧಿಸಬೇಕು."

"ಗೊತ್ತು ಸರ್. ಆ ಡಚ್ಚಿನವನು ದೂರು ಕೊಡ್ತಾನೆ ಅನ್ನಿಸಿತ್ತು. ಉಳಿದವರಷ್ಟು ಹೆದರಲಿಲ್ಲ ಅವನು."

"ತಿಲಕಸಿರಿ ಮೇಲೆ ಬಂದಿದೆ ಅಪವಾದ."

ಮುದುಕ ಬೆಚ್ಚಿದರು. "ಅಯ್ಯೋ! ಆ ಹೊಟ್ಟೆಬಾಕನ ಮೇಲಾ? ನಡೀರಿ ಸರ್, ಬೇಗ ನಡೀರಿ." ತಾವೇ ಮೊದಲು ಜೀಪು ಹತ್ತಿದರು.

ಅವರ ಮನೆಯ ಬೀರುವಿನಲ್ಲಿ ಹದಿನೇಳು ಪರವಾನಗಿಗಳು ಸಿಕ್ಕವು. ಒಂದೊಂದಕ್ಕೂ ತಾರೀಖು, ಸಮಯ, ಆಟೋ ನಂಬರು ಬರೆದ ಚೀಟಿ ಪಿನ್ನು ಹಾಕಿತ್ತು. ಪಂಚರ ಎದುರಿಗೆ ನಾಲಿಕಾ ಒಂದೊಂದನ್ನೂ ಬಿಡಿಸಿ ನೋಡಿದಳು. ಹದಿನೇಳರಲ್ಲಿ ಒಂದಕ್ಕೂ ಮೂರು ಚಕ್ರದ ವಾಹನ ಓಡಿಸುವ ಅನುಮತಿ ಇರಲಿಲ್ಲ. ಅನುಮತಿ ಇದ್ದವರನ್ನು ಕಿರಿಬಂಡಾ ಸೆಲ್ಯೂಟ್ ಹೊಡೆದು ಕಳಿಸಿದ್ದರು. ಒಬ್ಬರ ವಿಷಯದಲ್ಲೂ ಅವರು ತಪ್ಪಿರಲಿಲ್ಲ. ಉಳಿದ ಹದಿನಾರು ಜನ ಠಾಣೆಯ ಕಡೆ ತಲೆ ಹಾಕದಿದ್ದುದಕ್ಕೂ ಅದೇ ಕಾರಣ.

11.10ಕ್ಕೆ ತಿಲಕಸಿರಿಯ ಮೇಲಿನ ಕತ್ತಿ ಸರಿಯಿತು. 11.30ಕ್ಕೆ ಯೋಸ್ಟ್‌ಗೆ ಪರವಾನಗಿ ಮರಳಿಸಿ, ಆಟೋದ ಕೀಲಿ ಇಸಿದುಕೊಂಡರು. ಅವನು ರೇಗಾಡಿದ. ಮಾರೈಕೆ ಮಾತ್ರ ಚೀಲ ಇಳಿಸಿ, ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದಳು.

ಮಧ್ಯಾಹ್ನ 12.05. ಕಿರಿಬಂಡಾ ಹೇಳಿಕೆಯನ್ನು ಅಬೇಕೋನ್ ಖುದ್ದಾಗಿ ಬರೆಯಲು ಕುಳಿತರು.

"ಕಳೆದ ವರ್ಷ ಫೆಬ್ರವರಿ 22. ನಾನು 40ರ ಕಲ್ಲಿನ ಹತ್ತಿರ ಡ್ಯೂಟಿ ಮೇಲಿದ್ದೆ. ಬಿಳಿಯನೊಬ್ಬ ಆಟೋದಲ್ಲಿ ಬಂದ. ಹಾವು ಹರಿದ ಹಾಗೆ ಓಲಾಡ್ತಿತ್ತು ಗಾಡಿ. ನಿಲ್ಲಿಸೋಕೆ ಕೈ ಎತ್ತಿದೆ. ಆಮೇಲೆ ಅದೇ ಕೈ ಬೀಸಿ, ನಕ್ಕು, ಹೋಗು ಅಂತ ಬಿಟ್ಟೆ."

"ಯಾಕೆ ಬಿಟ್ಟಿರಿ?"

ಕಿರಿಬಂಡಾ ಮುಂದಿನದಕ್ಕೆ ಹೋದರು.

"ಮುಂದಿನ ತಿರುವಿನಲ್ಲಿ, 41ರ ಕಲ್ಲಿನ ಹತ್ತಿರ, ಜೋಳ ಮಾರೋ ಸೀಲಾವತಿ ತೆನೆ ಬೇಯಿಸ್ತಾ ಕೂತಿದ್ದಳು. ಡ್ಯೂಟಿ ದಿನ ನನಗೂ ಒಂದು ತೆನೆ ಎತ್ತಿಡೋಳು. ಶಬ್ದ ಕೇಳಿ ಓಡಿದೆ. ನಾನು ಹೋಗೋಷ್ಟರಲ್ಲಿ ಮುಗಿದಿತ್ತು. ಆ ಹುಡುಗ ಈ ದ್ವೀಪಕ್ಕೆ ಬಂದು ಮೂರು ದಿನ ಆಗಿತ್ತಂತೆ. ಅವತ್ತು ನಾನು ಒಂದು ನಿಮಿಷ ಕಾಗದ ನೋಡಿದ್ರೆ ಅವಳು ಬದುಕ್ತಿದ್ದಳು ಸರ್. ಮನೇಲಿ ಕೂರೋಕಾಗಲಿಲ್ಲ ನನಗೆ."

"ಯಾಕೆ ಬಿಟ್ಟಿರಿ ಅಂತ ಕೇಳಿದೆ."

"ಅದನ್ನ ಬರೀಬೇಡಿ ಸರ್. ನಿಮಗೆ ತೊಂದರೆ."

ಹೊರಗೆ ಮಧ್ಯಾಹ್ನದ ಬಸ್ಸು ಹೊರಟ ಸದ್ದು. ಅಬೇಕೋನ್ ಪೆನ್ನು ಕೆಳಗಿಡಲಿಲ್ಲ. ಪ್ರವಾಸಿಗರನ್ನು ರಸ್ತೆಯಲ್ಲಿ ತಡೆದು ಕಿರಿಕಿರಿ ಮಾಡಬಾರದು, ನಗುಮುಖದಿಂದ ಕಳಿಸಬೇಕು ಎಂಬ ಸೂಚನೆಯನ್ನು ಅಪಘಾತದ ಹಿಂದಿನ ದಿನ, ಫೆಬ್ರವರಿ 21ರ ಬೆಳಗಿನ ಕವಾಯತಿನಲ್ಲಿ ಓದಿದವರು ಅವರೇ. ಮೇಲಿನಿಂದ ಬಂದ ಕಾಗದ ನಿಜ. ಆದರೆ ಸಾಲಿನಲ್ಲಿ ನಿಂತಿದ್ದ ಕಿರಿಬಂಡಾ, "ಕಾಗದ ಸರಿಯಿಲ್ಲದಿದ್ರೂ ಬಿಡೋದಾ ಸರ್?" ಎಂದು ಕೇಳಿದಾಗ, "ಹೇಳಿದಷ್ಟು ಮಾಡಿ" ಎಂದು ಗದರಿದ್ದು ಅಬೇಕೋನರ ಸ್ವಂತ ಬಾಯಿ.

ಅವರು ಸೂಚನೆಯ ತಾರೀಖು, ಅದನ್ನು ಓದಿದವರ ಹೆಸರು, ಆ ಪ್ರಶ್ನೆ, ತಾವು ಕೊಟ್ಟ ಉತ್ತರ, ಎಲ್ಲವನ್ನೂ ಬರೆದರು. ಪೂರ್ತಿ ಗಟ್ಟಿಯಾಗಿ ಓದಿ ಹೇಳಿ, ಪುಸ್ತಕ ಮುದುಕರ ಕಡೆ ತಿರುಗಿಸಿದರು.

ಕಿರಿಬಂಡಾ ಸಹಿ ಹಾಕಲು ತುಂಬಾ ಹೊತ್ತು ತೆಗೆದುಕೊಂಡರು. ಆಮೇಲೆ ಕೇಳಿದರು, "ನಾಳೆ ಆ ತಿರುವಿನಲ್ಲಿ ಯಾರು ನಿಲ್ತಾರೆ ಸರ್?"

"ತಿಲಕಸಿರಿ. ಆರು ಗಂಟೆಗೆ."

"ಬಿಳಿಯರನ್ನೂ ನಿಲ್ಲಿಸ್ತಾನಾ?"

"ಎಲ್ಲರನ್ನೂ ನಿಲ್ಲಿಸ್ತಾನೆ ಅಣ್ಣ. ಅವನ ಜತೆ ನಾನೂ ನಿಲ್ತೀನಿ."

ಪೊಲೀಸರ ಸೋಗು ಹಾಕಿದ ಆರೋಪದ ಮೇಲೆ ಕಿರಿಬಂಡಾ ಅವರನ್ನು ಮಧ್ಯಾಹ್ನ 2 ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು.